ಜೋತುಬಿದ್ದ ಜಾಲರಿ ಬಾಗಿಲು, ಒಳಹೊಕ್ಕ ಊಜಿ ನೊಣ

ರೇಷ್ಮೆ ಹುಳು ಸಾಕುವ ಮನೆಯ ಜಾಲರಿ ಬಾಗಿಲು ಹೊಸ್ತಿಲಿಗೆ ಉಜ್ಜತೊಡಗಿದರೆ ನೀವು ಏನು ಮಾಡುತ್ತೀರಿ? ಬಹುಮಂದಿ ಬಡಗಿಯನ್ನು ಕರೆಸಿ ಕದದ ಕೆಳ ಅಂಚನ್ನು ಹೆರೆಸಿಬಿಡುತ್ತಾರೆ. ಬಾಗಿಲೇನೋ ಸಲೀಸಾಗಿ ಆಡುತ್ತದೆ. ಆದರೆ ಕದ ಇಳಿದದ್ದರಿಂದ ಚಿಲಕದ ಬದಿಯ ಮೇಲ್ಮೂಲೆಯಲ್ಲಿ ತೆರೆದುಕೊಂಡ ಸಂದು ಹಾಗೆಯೇ ಉಳಿಯುತ್ತದೆ. ಮುಂದಿನ ವರ್ಷ ಕದ ಇನ್ನಷ್ಟು ಇಳಿದಾಗ ಮತ್ತೆ ಹೆರೆಯಬೇಕು, ಸಂದು ಮತ್ತಷ್ಟು ಹಿಗ್ಗುತ್ತದೆ.

ಊಜಿ ನೊಣಕ್ಕೆ ಬೇಕಾದದ್ದು ಇಂಥ ಸಂದೇ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜೊತೆ ಕರ್ನಾಟಕವನ್ನು ಹೊಕ್ಕ ಈ ಪೀಡೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಮನೆನೊಣಕ್ಕಿಂತ ದೊಡ್ಡದಾದ ಈ ಹೆಣ್ಣು ನೊಣ ಒಂದು ಹುಳುವಿನ ಮೈಮೇಲೆ ಒಂದೋ ಎರಡೋ ಬಿಳಿ ಮೊಟ್ಟೆ ಅಂಟಿಸಿ ಮುಂದಿನ ಹುಳುವಿಗೆ ಹೋಗುತ್ತದೆ. ಹೀಗೆ ಒಂದೇ ನೊಣ ನೂರಾರು ಮೊಟ್ಟೆ ಇಡಬಲ್ಲದು. 2–3 ದಿನಗಳಲ್ಲಿ ಮೊಟ್ಟೆಯೊಡೆದ ನೊಣದ ಮರಿ ರೇಷ್ಮೆ ಹುಳುವಿನ ಮೈಯನ್ನು ಕೊರೆದು ಒಳಸೇರುತ್ತದೆ, ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಕಾಣುತ್ತದೆ. ಬೇಗ ತಗುಲಿದ ಹುಳು ಗೂಡು ಕಟ್ಟದೆಯೇ ಸಾಯುತ್ತದೆ. ತಡವಾಗಿ ತಗುಲಿದ್ದು ಗೂಡು ಕಟ್ಟಿದರೂ ನೊಣದ ಮರಿ ಅದನ್ನು ತೂತು ಮಾಡಿ ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಸೊಪ್ಪು, ಆಳು ಎಲ್ಲಕ್ಕೂ ಖರ್ಚಾಗಿರುವ ಹೊತ್ತಿನಲ್ಲಿ, ಈ ನಷ್ಟ ಬರುತ್ತದೆ.

ಬಾಗಿಲನ್ನು ರಿಪೇರಿ ಮಾಡುವ ಮುನ್ನ ತಪ್ಪು ಎಲ್ಲಿದೆಯೆಂದು ತಿಳಿಯಿರಿ. ಕದವನ್ನು ಅರ್ಧ ತೆರೆದು ಚಿಲಕದ ಬದಿಯಲ್ಲಿ ಹಿಡಿದು ಮೇಲಕ್ಕೆತ್ತಿ. ಮೇಲಿನ ಕೀಲು, ಅಂಗಡಿಯವರು ಹಿಂಜಸ್ ಎನ್ನುವುದು, ಅಲುಗಾಡಿದರೆ ಅದರ ತಿರುಪುಗಳು ಸಡಿಲವಾಗಿವೆ. ಕದದ ಭಾರ ಮೇಲಿನ ಕೀಲನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತದೆ. ಆದ್ದರಿಂದ ಮೊದಲು ಸಡಿಲುವುದು ಮೇಲಿನದೇ. ತಿರುಪು ಕಿತ್ತು, ತೂತಿಗೆ ಮರದ ಅಂಟು ಸವರಿದ ಬಿದಿರು ಚಕ್ಕೆಗಳನ್ನು ಬಿಗಿಯಾಗಿ ಬಡಿದು, ಅಂಟು ಒಣಗಿದ ಮೇಲೆ ಸ್ವಲ್ಪ ಉದ್ದನೆಯ ತಿರುಪು ಹಾಕಿದರೆ ಸಾಕು.

ಕೀಲು ಗಟ್ಟಿಯಾಗಿದ್ದೂ ಕದ ಜೋತಿದ್ದರೆ ಕದದ ಮೂಲೆಗಳ ಕೂಡಿಕೆ ಸಡಿಲಿದೆ, ಚೌಕ ಓರೆಯಾಗಿದೆ ಎಂದರ್ಥ. ಹಲಗೆಯ ಕದವಾದರೆ ಹಲಗೆಯೇ ಅದನ್ನು ಹಿಡಿದಿಡುತ್ತದೆ, ಜಾಲರಿಗೆ ಆ ಶಕ್ತಿಯಿಲ್ಲ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕಡೆ ಅಳೆಯಿರಿ. ಕೀಲಿನ ಬದಿಯ ಮೇಲ್ಮೂಲೆಯಿಂದ ಚಿಲಕದ ಬದಿಯ ಕೆಳಮೂಲೆಗೆ ಇರುವ ಅಳತೆ ಹೆಚ್ಚಾಗಿರುತ್ತದೆ. ತಂತಿ ಕಟ್ಟಬೇಕಾದದ್ದು ಆ ಉದ್ದನೆಯ ಕಡೆಗೇ. ನಮ್ಮ ಮನೆಯ ಸೊಳ್ಳೆ ಬಾಗಿಲಿಗೆ ನಾನು ಮೊದಲ ಸಲ ಇದನ್ನು ತಿರುವುಮುರುವು ಕಟ್ಟಿದ್ದೆ. ಬಿಗಿದಷ್ಟೂ ಬಾಗಿಲು ಇನ್ನೂ ಜೋತಿತು!

ಕೆಳಮೂಲೆಯ ಅಡಿಗೆ ಬೆಣೆ ಕೊಟ್ಟು ಕದವನ್ನು ಎತ್ತಿ ನಿಲ್ಲಿಸಿ. ಎರಡು ಮೂಲೆಗಳಲ್ಲೂ ಕಣ್ಣುಳ್ಳ ತಿರುಪು ಕೂರಿಸಿ, ಜಿ.ಐ. ತಂತಿಯನ್ನು ಎರಡೆಳೆಯಾಗಿ ಕಟ್ಟಿ, ನಡುವೆ ದೊಡ್ಡ ಮೊಳೆಯೊಂದನ್ನು ತೂರಿಸಿ ತಿರುಚುತ್ತಾ ಬನ್ನಿ. ಎರಡು ಅಳತೆಗಳೂ ಸಮವಾದಾಗ ಮೊಳೆಯನ್ನು ತಂತಿಗೇ ಬಿಗಿದು ಬಿಡಿ. ಮುಂದೆ ಸಡಿಲಿದರೆ ಇನ್ನೆರಡು ಸುತ್ತು ತಿರುಚಬಹುದು. ತಂತಿಯ ಬದಲು ಮರದ ಪಟ್ಟಿ ಹಾಕುವವರು ಮಾತ್ರ ಇನ್ನೊಂದು ಕಡೆಗೆ, ಕೀಲಿನ ಬದಿಯ ಕೆಳಮೂಲೆಯಿಂದ ಚಿಲಕದ ಬದಿಯ ಮೇಲ್ಮೂಲೆಗೆ ಹಾಕಬೇಕು. ತಂತಿ ಎಳೆದು ಹಿಡಿಯುತ್ತದೆ, ಪಟ್ಟಿ ಊರೆಗೋಲಿನಂತೆ ಎತ್ತಿ ಹಿಡಿಯುತ್ತದೆ.

ಜಾಲರಿಯನ್ನು ಬಿಗಿಯುವುದು ಚೌಕ ನೇರವಾದ ಮೇಲೆಯೇ. ಓರೆ ಕದಕ್ಕೆ ಹೊಸ ಜಾಲರಿ ಹೊಡೆದರೆ ಕದ ಎತ್ತಿದಾಗ ಅದು ಸುಕ್ಕುಗಟ್ಟುತ್ತದೆ ಇಲ್ಲವೇ ಹರಿಯುತ್ತದೆ.

ಈ ಕೆಲಸವನ್ನು ಬೆಳೆ ಎದ್ದ ಮೇಲೆ, ಸೋಂಕು ನಿವಾರಣೆಗೆ ಮುಂಚೆ ಮುಗಿಸಿ. ಬ್ಲೀಚಿಂಗ್ ಪುಡಿಯ ದ್ರಾವಣ ತಂತಿ, ತಿರುಪುಗಳನ್ನು ಬೇಗ ತಿನ್ನುವುದರಿಂದ ಅವುಗಳಿಗೆ ಬಣ್ಣ ಹಚ್ಚಿ, ವಾಸನೆ ಹೋಗುವವರೆಗೆ ಹುಳು ತರಬೇಡಿ. ಹೆರೆದು ಹಾಳಾದ ಕೆಳ ಅಂಚಿಗೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಹೊಸ್ತಿಲು ಮುಟ್ಟುವಂತೆ ಹೊಡೆಯಿರಿ. ಕೊನೆಗೆ ಹಗಲಿನಲ್ಲಿ ಒಳಗೆ ನಿಂತು ಬಾಗಿಲು ಹಾಕಿ, ಅಂಚಿನ ಸುತ್ತ ಬೆಳಕು ಬರುವ ಕಡೆಯೆಲ್ಲ ಪೆನ್ಸಿಲ್ ತೂರಿಸಿ ನೋಡಿ. ಪೆನ್ಸಿಲ್ ತೂರುವ ಕಡೆ ನೊಣವೂ ತೂರುತ್ತದೆ, ಅಲ್ಲಿಗೂ ಒಂದು ತುಂಡು ಟ್ಯೂಬ್ ಹೊಡೆಯಿರಿ.