ಮುಂದಿನ ಕಂತು ಯಾವಾಗ ಮೇಡಂ?

ನನ್ನ ಧಾರಾವಾಹಿಯ ನಾಯಕಿ ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ಬ್ಲೌಸ್ ಹೊಲಿಯುವವಳು. ಅವಳು ಗಂಡನ ಮನೆಗೆ ವಾಪಸ್ ಹೋಗಬೇಕೇ ಬೇಡವೇ ಅಂತ ನಾನು ತೀರ್ಮಾನಿಸುವ ಮೊದಲೇ ದಾವಣಗೆರೆ, ಶಿರಸಿ, ದುಬೈಗಳಲ್ಲಿ ಕೂತವರು ಎರಡು ಪಕ್ಷ ಕಟ್ಟಿಕೊಂಡು ಕಿತ್ತಾಡಿದ್ದರು. ಬನಶಂಕರಿ ಎರಡನೇ ಹಂತದ ಮನೆಯಲ್ಲಿ, ಕುಕ್ಕರ್ ಕೂಗುವ ಸಂದಿನಲ್ಲಿ ಫೋನ್ ಹಿಡಿದು ಬರೆಯುವ ನನಗೆ ಇಷ್ಟು ಜನ ಜಗಳಗಂಟರು ಸಿಕ್ಕಿದ್ದು ಪ್ರತಿಲಿಪಿಯಲ್ಲಿ.

ಕಥೆ ಬರೆಯುವ, ಓದುವ ಈ ಆ್ಯಪ್ ನಮ್ಮ ಬೆಂಗಳೂರಿನದೇ. ರಂಜೀತ್ ಪ್ರತಾಪ್ ಸಿಂಗ್ ಮತ್ತು ನಾಲ್ವರು ಜೊತೆಗಾರರು 2014ರಲ್ಲಿ ಶುರುಮಾಡಿದ್ದು. ಈಗ ಕನ್ನಡವೂ ಸೇರಿ 12 ಭಾಷೆಗಳಲ್ಲಿದೆ. ಖಾತೆ ತೆರೆದು, ಕಥೆ ಬರೆದು, ‘ಪ್ರಕಟಿಸಿ’ ಒತ್ತಿದರೆ ಆಯಿತು. ನಡುವೆ ಸಂಪಾದಕರಿಲ್ಲ. ಸ್ವವಿಳಾಸದ ಲಕೋಟೆ ಇಟ್ಟು ಕಳಿಸಿ, ತಿಂಗಳುಗಟ್ಟಲೆ ಪೋಸ್ಟ್‌ಮನ್ ದಾರಿ ನೋಡಿ, ಕೊನೆಗೆ ವಿಷಾದ ಪತ್ರ ಓದುವ ಬಾಬತ್ತೇ ಇಲ್ಲ. ಓದಿದವರು ಐದಕ್ಕೆ ಇಷ್ಟು ಅಂತ ನಕ್ಷತ್ರ ಕೊಡುತ್ತಾರೆ, ಕೆಳಗೆ ಅಭಿಪ್ರಾಯ ಬರೆಯುತ್ತಾರೆ, ಮೆಚ್ಚಿದರೆ ಹಿಂಬಾಲಿಸುತ್ತಾರೆ. ಕೆಲವು ಧಾರಾವಾಹಿಗಳ ಮುಂದಿನ ಕಂತು ಕೂಡಲೇ ಬೇಕೆಂದರೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಕಾಯಬೇಕು. ಬರೆದವರಿಗೂ ಅದರಲ್ಲಿ ಒಂದು ಪಾಲು. ನನ್ನ ಪಾಲು ತರಕಾರಿ ಖರ್ಚಿಗೆ ಬಂದರೆ ಹೆಚ್ಚು, ಬಿಡಿ.

ಅಂತರ್ಜಾಲದಲ್ಲಿ ಕನ್ನಡದವರು ಗುಂಪು ಕಟ್ಟಿದ್ದು ಇದೇ ಮೊದಲಲ್ಲ. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಾಗಿನಿಂದ ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವುದು ಮನೆಮನೆಯ ಮಾತಾಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ ಜಾಲತಾಣ ತೆರೆದರು. ಅಲ್ಲಿಂದ ಬೆಳೆದು ಪುಸ್ತಕ ತಂದವರನ್ನು ನಾನು ಬಲ್ಲೆ. ಆದರೆ ಅದೆಲ್ಲ ಕಂಪ್ಯೂಟರ್ ಇದ್ದವರ ಲೋಕ. ಡಿಟಿಪಿಯವರ ಹಳೆಯ ಫಾಂಟಿನಲ್ಲಿ ಬರೆದದ್ದನ್ನು ತಂದು ಅಂಟಿಸಿದರೆ ಪರದೆಯ ಮೇಲೆ ಅರ್ಥವಾಗದ ಗುರುತುಗಳ ಸಾಲು ನಿಲ್ಲುತ್ತಿತ್ತು. ಫೋನಿಗೆ ಯೂನಿಕೋಡ್ ಕೀಲಿಮಣೆ ಬಂದಮೇಲೆ ಆ ತಾಪತ್ರಯ ಹೋಯಿತು. ಗೃಹಿಣಿಯರು ದೊಡ್ಡ ಸಂಖ್ಯೆಯಲ್ಲಿ ಬರೆಯತೊಡಗಿದ್ದಕ್ಕೆ ಸಾಹಿತ್ಯ ಸಮ್ಮೇಳನಗಳಿಗಿಂತ ಈ ಕೀಲಿಮಣೆಯೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ನೂರು ವರ್ಷದ ಹಿಂದೆ ತಮ್ಮ ಬರವಣಿಗೆ ಓದುಗರಿಗೆ ಮುಟ್ಟಲೆಂದು ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಅಚ್ಚಿನ ಖರ್ಚು, ಅಂಚೆ, ಚಂದಾ ಲೆಕ್ಕ ಎಲ್ಲ ಅವರ ತಲೆಯ ಮೇಲೆ. ನಮಗೆ ಬೇಕಾಗಿರುವುದು ಒಂದು ಡೇಟಾ ಪ್ಯಾಕ್.

ಬರುವ ಅಭಿಪ್ರಾಯಗಳಲ್ಲಿ ಮುಕ್ಕಾಲು ಪಾಲು ‘ಸೂಪರ್ ಮೇಡಂ, ಮುಂದಿನ ಕಂತು ಬೇಗ ಹಾಕಿ’ ಅನ್ನುವವೇ. ಖುಷಿಯಾಗುತ್ತದೆ, ಕಲಿಯುವುದೇನೂ ಇರುವುದಿಲ್ಲ. ಒಮ್ಮೆ ಮಾತ್ರ ದಾವಣಗೆರೆಯ ಟೈಲರ್ ಒಬ್ಬರು ಉದ್ದಕ್ಕೆ ಬರೆದರು: ‘ವರಮಹಾಲಕ್ಷ್ಮಿ ಹಬ್ಬ ಹತ್ರ ಬಂದ್ರೆ ಹೊಸ ಬ್ಲೌಸ್ ತಗೊಳ್ಳಲ್ಲ ಮೇಡಂ. ಆದ್ರೂ ಹಳೇ ಗಿರಾಕಿ ಬಂದು ಅಳತೆ ಬ್ಲೌಸ್ ಟೇಬಲ್ ಮೇಲೆ ಇಟ್ಟು ಹೋಗ್ಬಿಡ್ತಾರೆ. ಬೇಡ ಅನ್ನೋಕೆ ಬಾಯೇ ಬರಲ್ಲ. ರಾತ್ರಿ ಎರಡು ಗಂಟೆವರೆಗೂ ಹುಕ್ಕು ಹಾಕೋದು, ಸೀರೆ ಫಾಲ್ಸ್ ಕೂರಿಸೋದು.’ ಆ ಟೇಬಲ್ಲಿನ ಮೇಲಿನ ಅಳತೆ ಬ್ಲೌಸಿನಿಂದಲೇ ಮುಂದಿನ ಮೂರು ಕಂತು ಹುಟ್ಟಿದವು. ಅವರ ಮುಖ ನಾನು ನೋಡಿಲ್ಲ, ಆದರೆ ಹೊಲಿಗೆಯ ವಿಷಯ ಬಂದಾಗಲೆಲ್ಲ ಈಗಲೂ ಅವರನ್ನೇ ಕೇಳುತ್ತೇನೆ.

ನಕ್ಷತ್ರಗಳ ಲೆಕ್ಕಕ್ಕೆ ಬಿದ್ದರೆ ಇನ್ನೊಂದು ಫಜೀತಿ. ಕಂತು ಹೆಚ್ಚಾದಷ್ಟೂ ಓದುಗರು ಅಂಟಿಕೊಳ್ಳುತ್ತಾರೆ, ಹಾಗಾಗಿ ಕಥೆಯನ್ನು ಎಳೆಯುವ ಆಸೆ. ಸಣ್ಣಕಥೆಗೆ ಅಲ್ಲಿ ಅಷ್ಟು ಬೆಲೆಯಿಲ್ಲ. ಸಿಡುಕು ಮುಖದ ಸಿಇಒ, ಮುಗ್ಧ ಹುಡುಗಿ, ಒತ್ತಾಯದ ಮದುವೆ: ಈ ಕಥೆಗಳನ್ನೆಲ್ಲ ನಂಬಿದರೆ ಕರ್ನಾಟಕದಲ್ಲಿ ಕಂಪನಿಗಳಿಗಿಂತ ಸಿಇಒಗಳೇ ಜಾಸ್ತಿ!

ಕತ್ತರಿ ಹಾಕುವವರು ಬೇಕೆನಿಸಿ ನಾವು ಕೆಲವರು ತಿಂಗಳಿಗೊಂದು ಭಾನುವಾರ ಜಯನಗರದ ಮಾಧವನ್ ಪಾರ್ಕಿನಲ್ಲಿ ಸೇರುತ್ತೇವೆ. ಜೆ.ಪಿ. ನಗರದ ನಿವೃತ್ತ ಮೇಷ್ಟ್ರು, ರಾತ್ರಿ ಪಾಳಿ ಮುಗಿಸಿ ದೆವ್ವದ ಕಥೆ ಬರೆಯುವ ಹುಡುಗ, ಬಿಟಿಎಂ ಲೇಔಟಿನ ಪಿ.ಜಿ.ಯಲ್ಲಿರುವ ಕೊಪ್ಪಳ ಕಡೆಯ ಹುಡುಗಿ. ಮೊದಮೊದಲು ಒಬ್ಬರನ್ನೊಬ್ಬರು ಕಾವ್ಯನಾಮದಿಂದಲೇ ಕರೆಯುತ್ತಿದ್ದೆವು. ‘ನಿಶಾಚರ ಅವರೇ, ಕಾಫಿ ಹೇಳ್ಲಾ?’ ಅಂದಾಗ ಪಕ್ಕದ ಬೆಂಚಿನವರು ತಿರುಗಿ ನೋಡಿದ್ದುಂಟು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ನಾಲಿಗೆ ತೊಡರಿದ ಕಡೆ ಮೇಷ್ಟ್ರು ಕೈ ಎತ್ತುತ್ತಾರೆ. ಆ ವಾಕ್ಯ ಹೋಯಿತು ಅಂತಲೇ ಲೆಕ್ಕ. ಫೋನಿನಲ್ಲಿ ಐದಕ್ಕೆ ಐದು ಸಿಕ್ಕ ಪ್ಯಾರಾಗಳೂ ಹೀಗೆ ಹೋಗಿವೆ. ಎರಡೂ ಕಡೆಯವರು ನನಗೆ ಬೇಕು. ಆದರೆ ತಿದ್ದಿ ಬರೆಯುವಾಗ ಕಿವಿಯಲ್ಲಿ ಕೇಳುವುದು ಮೇಷ್ಟ್ರ ದನಿಯೇ.

ಕೊಪ್ಪಳದ ಹುಡುಗಿ ಈಗ ತನ್ನ ಧಾರಾವಾಹಿಯನ್ನು ಪುಸ್ತಕ ಮಾಡಲು ಹೊರಟಿದ್ದಾಳೆ. ಪ್ರತಿ ಕಂತಿನ ಕೊನೆಗೂ ಅವಳದೊಂದು ಕೊಕ್ಕೆ: ಬಾಗಿಲು ಬಡಿಯುವ ಸದ್ದು, ಅಪರಿಚಿತ ನಂಬರಿನ ಕರೆ, ತಲೆ ಸುತ್ತಿ ಬೀಳುವ ಅತ್ತೆ. ‘ಪುಸ್ತಕದಲ್ಲಿ ಹಾಳೆ ತಿರುಗಿಸಿದರೆ ಮುಂದಿನದು ಅಲ್ಲೇ ಇರುತ್ತಲ್ಲಮ್ಮ, ಇವೆಲ್ಲ ಯಾಕೆ?’ ಅಂತ ಮೇಷ್ಟ್ರ ತಕರಾರು. ‘ಅರ್ಧ ತೆಗಿತೀನ್ರೀ ಸರ್, ಅತ್ತೀನ್ ಮಾತ್ರ ಬಿಡಂಗಿಲ್ಲ’ ಅಂತ ಅವಳು.