ನ್ಯೂಸ್ ಅಂದ್ರೆ ನಾಲ್ಕು ದಿಕ್ಕಾ? ಇಂಗ್ಲಿಷ್ ಪದಗಳ ಹುಟ್ಟಿನ ನಿಜ ಕಥೆ, ಸುಳ್ಳು ಕಥೆ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರೋ, ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಒಂದು ಹತ್ತು ನಿಮಿಷ ನನ್ನ ಜೊತೆ ಇರಿ. ಇವತ್ತು ನನ್ನದೇ ಒಂದು ಪೇಚಾಟದ ಪ್ರಸಂಗದಿಂದ ಶುರು ಮಾಡ್ತೀನಿ.

ಡಿಗ್ರಿ ಮುಗಿಸಿದ ಹೊಸತರಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿಕೊಡ್ತಿದ್ದೆ. ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವನು. ಇಂಗ್ಲಿಷ್ ಪದಪಟ್ಟಿ ಕಂಡರೆ ಮಕ್ಕಳ ಮುಖ ಬಾಡಿ ಹೋಗೋದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಒಂದೊಂದು ಪದಕ್ಕೂ ಒಂದೊಂದು ಕಥೆ ಹೇಳ್ತಿದ್ದೆ. ಮಕ್ಕಳಿಗೆ ಖುಷಿಯೋ ಖುಷಿ. ಆ ಕಥೆಗಳೆಲ್ಲ ಎಲ್ಲಿಂದ ಬರ್ತಿದ್ದವು ಅಂತೀರಾ? ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳಿಂದ!

ಆಮೇಲೆ ಒಂದು ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸಕ್ಕೆ ಸಂದರ್ಶನಕ್ಕೆ ಹೋದೆ. ಮಕ್ಕಳಿಗೆ ಪದ ಹೇಗೆ ಕಲಿಸ್ತೀರಿ ಅಂತ ಕೇಳಿದರು. ನಾನು ಎದೆ ಉಬ್ಬಿಸಿಕೊಂಡು ಹೇಳಿದೆ: ‘ನ್ಯೂಸ್ ಅನ್ನೋ ಪದ ತಗೊಳ್ಳಿ ಮೇಡಂ. ಎನ್ ಅಂದ್ರೆ ನಾರ್ತ್, ಇ ಅಂದ್ರೆ ಈಸ್ಟ್, ಡಬ್ಲ್ಯು ಅಂದ್ರೆ ವೆಸ್ಟ್, ಎಸ್ ಅಂದ್ರೆ ಸೌತ್. ನಾಲ್ಕೂ ದಿಕ್ಕಿನಿಂದ ಬರೋದೇ ನ್ಯೂಸ್.’ ಎದುರಿಗಿದ್ದ ಹಿರಿಯ ಮೇಡಂ ನಗಲಿಲ್ಲ. ಶಾಂತವಾಗಿ ಕೇಳಿದರು: ‘ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಈ ಪದವನ್ನು ಎನ್, ಇ, ಡಬ್ಲ್ಯು, ಇ, ಎಸ್ ಅಂತಲೂ ಬರೀತಿದ್ರಲ್ಲಪ್ಪಾ. ಆ ಎರಡನೇ ಇ ಯಾವ ದಿಕ್ಕು?’

ನನ್ನ ಬಾಯಿ ಕಟ್ಟಿಹೋಯಿತು. ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಅದಕ್ಕಿಂತ ಕಷ್ಟದ್ದು ಮರುದಿನ ಬಂತು. ಟ್ಯೂಷನ್‌ನಲ್ಲಿ ಮಕ್ಕಳ ಮುಂದೆ ನಿಂತು, ‘ನಾನು ಹೇಳಿದ ನ್ಯೂಸ್ ಕಥೆ ತಪ್ಪು’ ಅಂತ ಒಪ್ಪಿಕೊಂಡೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ‘ಸರ್, ಹಾಗಾದ್ರೆ ನೀವು ಹೇಳಿದ ಉಳಿದ ಕಥೆಗಳು?’

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಮೊದಲ ಪರೀಕ್ಷೆ: ಅಕ್ಷರ ಬಿಡಿಸಿ ಹೇಳಿದ್ರೆ ಅನುಮಾನ ಪಡಿ

ಮೊದಲು ನ್ಯೂಸ್ ಲೆಕ್ಕ ಚುಕ್ತಾ ಮಾಡೋಣ. ನ್ಯೂಸ್ ಅನ್ನೋದು ‘ನ್ಯೂ’ ಪದದ ಬಹುವಚನ, ಅಂದ್ರೆ ‘ಹೊಸವು’. ಫ್ರೆಂಚ್‌ನಲ್ಲಿ ಸುದ್ದಿಗೆ ‘ನೂವೆಲ್’ ಅಂತಾರೆ, ಅದರ ಅರ್ಥವೂ ಹೊಸದು ಅಂತಲೇ. ನಾವೂ ಊರಿಗೆ ಹೋದಾಗ ‘ಏನಪ್ಪಾ ಹೊಸಾದು?’ ಅಂತ ಕೇಳೋದಿಲ್ವಾ? ಇಷ್ಟು ಸರಳ. ಆದರೆ ಸರಳ ಉತ್ತರವನ್ನು ಯಾರೂ ಫಾರ್ವರ್ಡ್ ಮಾಡೋದಿಲ್ಲ!

ಇದೇ ಜಾತಿಯ ಇನ್ನೊಂದು ಕಥೆ ಗಾಲ್ಫ್‌ದು. ‘ಜಂಟಲ್‌ಮೆನ್ ಓನ್ಲಿ, ಲೇಡೀಸ್ ಫರ್ಬಿಡನ್’, ಅಂದ್ರೆ ಗಂಡಸರಿಗೆ ಮಾತ್ರ, ಹೆಂಗಸರಿಗೆ ಪ್ರವೇಶವಿಲ್ಲ ಅನ್ನೋದರ ಮೊದಲಕ್ಷರಗಳು ಸೇರಿ ಗಾಲ್ಫ್ ಆಯಿತಂತೆ. ಇದು ಪೂರ್ತಿ ಕಟ್ಟುಕಥೆ. 1457ರಲ್ಲೇ ಸ್ಕಾಟ್ಲೆಂಡ್‌ನ ಪಾರ್ಲಿಮೆಂಟು ಗಾಲ್ಫ್ ಆಟವನ್ನು ನಿಷೇಧಿಸಿತ್ತು. ಯುವಕರು ಬಿಲ್ಲುವಿದ್ಯೆ ಅಭ್ಯಾಸ ಬಿಟ್ಟು ಆಟದಲ್ಲೇ ಮುಳುಗಿರ್ತಾರೆ ಅನ್ನೋದು ಆಗಿನ ಚಿಂತೆ. ಈಗ ಮೊಬೈಲ್ ಗೇಮ್ ಬಗ್ಗೆ ಮನೇಲಿ ಬೈತಾರಲ್ಲ, ಹಾಗೇ ಅಂದುಕೊಳ್ಳಿ. ‘ದಾಂಡು’ ಅನ್ನುವ ಅರ್ಥದ ‘ಕೋಲ್ಫ್’ ಎಂಬ ಡಚ್ ಪದಕ್ಕೂ ಗಾಲ್ಫ್‌ಗೂ ನಂಟು ಇರಬೇಕು ಅಂತ ನಿಘಂಟುಗಳು ಹೇಳುತ್ತವೆ.

ಕಾರಣ ತಿಳಿದರೆ ಈ ಪರೀಕ್ಷೆ ಮರೆಯೋದಿಲ್ಲ. ಮೊದಲಕ್ಷರಗಳನ್ನು ಜೋಡಿಸಿ ಹೊಸ ಪದ ಕಟ್ಟುವ ಅಭ್ಯಾಸ ಇಂಗ್ಲಿಷ್‌ನಲ್ಲಿ ವ್ಯಾಪಕವಾಗಿದ್ದು 20ನೇ ಶತಮಾನದಲ್ಲಿ. ಸೇನೆ, ವಿಜ್ಞಾನ, ಸರ್ಕಾರಿ ಇಲಾಖೆಗಳ ಉದ್ದುದ್ದ ಹೆಸರುಗಳನ್ನು ಮೊಟಕು ಮಾಡಬೇಕಾಗಿ ಬಂದಾಗ ಅದು ಹಬ್ಬಿತು. ‘ರೇಡಾರ್’ ನಿಜವಾಗಿಯೂ ಹಾಗೆ ಹುಟ್ಟಿದ್ದು: ರೇಡಿಯೊ ಡಿಟೆಕ್ಷನ್ ಆ್ಯಂಡ್ ರೇಂಜಿಂಗ್. ನಿಮ್ಮ ಫೋನಿನೊಳಗಿನ ‘ಸಿಮ್’ ಕೂಡ ಹಾಗೇ: ಸಬ್‌ಸ್ಕ್ರೈಬರ್ ಐಡೆಂಟಿಟಿ ಮಾಡ್ಯೂಲ್. ಆದ್ದರಿಂದ ನಾನೂರು, ಐನೂರು ವರ್ಷ ಹಳೆಯ ಪದವನ್ನು ಯಾರಾದರೂ ಅಕ್ಷರ ಅಕ್ಷರವಾಗಿ ಬಿಡಿಸಿ ತೋರಿಸಿದರೆ, ಅಲ್ಲೇ ಕಿವಿ ನೆಟ್ಟಗಾಗಬೇಕು.

ಹೊಸ ಪದಗಳಲ್ಲೂ ಮೋಸ ಹೋಗಬಹುದು. ವೈ-ಫೈ ಅಂದ್ರೆ ‘ವೈರ್‌ಲೆಸ್ ಫಿಡೆಲಿಟಿ’ ಅಂತ ಎಷ್ಟೋ ಜನ ಕಂಠಪಾಠ ಮಾಡಿಕೊಂಡಿದ್ದಾರೆ. ವಾಸ್ತವದಲ್ಲಿ ಅದು 1999ರಲ್ಲಿ ಬ್ರ್ಯಾಂಡ್‌ಗಳಿಗೆ ಹೆಸರಿಡುವ ಕಂಪನಿಯೊಂದು ಕೊಟ್ಟ ಹೆಸರು. ಹಾಡು ಕೇಳುವ ‘ಹೈ-ಫೈ’ ಸೆಟ್‌ಗೆ ಪ್ರಾಸವಾಗಿ ಇಟ್ಟಿದ್ದು. ‘ವೈರ್‌ಲೆಸ್ ಫಿಡೆಲಿಟಿ’ ಅನ್ನೋದನ್ನು ಜಾಹೀರಾತಿನ ಸಾಲಿಗೆ ಆಮೇಲೆ ಸೇರಿಸಿದರು. ಅಂದ್ರೆ ಮಗು ಮೊದಲು ಹುಟ್ಟಿತು, ಜಾತಕ ಆಮೇಲೆ ಬರೆಸಿದರು!

ಎರಡನೇ ಪರೀಕ್ಷೆ: ಅರ್ಧ ನಿಜವನ್ನು ಬೇರೆ ಮಾಡಿ

ಸ್ಯಾಲರಿ. ತಿಂಗಳ ಕೊನೆಯಲ್ಲಿ ಎಲ್ಲರೂ ಕಾಯುವ ಪದ. ‘ರೋಮನ್ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡ್ತಿದ್ರು, ಅದಕ್ಕೇ ಸ್ಯಾಲರಿ’ ಅನ್ನೋ ಕಥೆ ನೀವೂ ಕೇಳಿರ್ತೀರಿ. ಇದರಲ್ಲಿ ಅರ್ಧ ನಿಜ. ಲ್ಯಾಟಿನ್‌ನಲ್ಲಿ ‘ಸಾಲ್’ ಅಂದ್ರೆ ಉಪ್ಪು, ‘ಸಲಾರಿಯಮ್’ ಅಂದ್ರೆ ಭತ್ಯೆ, ಎರಡಕ್ಕೂ ಸಂಬಂಧ ಇದೆ. ಆದರೆ ಸೈನಿಕರ ಕೈಗೆ ಉಪ್ಪಿನ ಮೂಟೆ ಅಳೆದು ಕೊಡ್ತಿದ್ರು ಅನ್ನೋದಕ್ಕೆ ಹಳೆಯ ರೋಮನ್ ಬರಹಗಳಲ್ಲಿ ಆಧಾರ ಸಿಕ್ಕಿಲ್ಲ. ಅವರಿಗೆ ಸಿಗ್ತಿದ್ದದ್ದು ನಾಣ್ಯ. ಉಪ್ಪು ಅನ್ನೋ ಒಂದು ಕಾಳು ನಿಜದ ಸುತ್ತ ಯಾರೋ ಇಡೀ ಸಾರು ಕುದಿಸಿಬಿಟ್ಟರು.

ಇನ್ನೊಂದು ಪದ ಪಾಷ್. ‘ಪಾಷ್ ಏರಿಯಾ’ ಅಂತೀವಲ್ಲ, ಅದೇ. ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಲ್ಲಿ ಬರುವ ಶ್ರೀಮಂತರಿಗೆ ಬಿಸಿಲು ಬೀಳದ ಬದಿಯ ಕೋಣೆ ಬೇಕಿತ್ತಂತೆ. ಬರುವಾಗ ಎಡಬದಿ, ಅಂದ್ರೆ ಪೋರ್ಟ್. ಹೋಗುವಾಗ ಬಲಬದಿ, ಅಂದ್ರೆ ಸ್ಟಾರ್‌ಬೋರ್ಡ್. ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಅಂತ ಟಿಕೆಟ್ ಮೇಲೆ ಮೊಹರು ಒತ್ತುತ್ತಿದ್ರಂತೆ. ಕೇಳೋಕೆ ಎಷ್ಟು ಚೆಂದ! ಆದರೆ ಅಂಥ ಮೊಹರಿರುವ ಒಂದೇ ಒಂದು ಟಿಕೆಟ್ ಇದುವರೆಗೆ ಸಿಕ್ಕಿಲ್ಲ. ಒಳ್ಳೆಯ ನಿಘಂಟು ತೆಗೆದರೆ ಈ ಪದದ ಮುಂದೆ ‘ಮೂಲ ಅನಿಶ್ಚಿತ’ ಅಂತ ಇರುತ್ತೆ. ಗೊತ್ತಿಲ್ಲ ಅಂತ ನಿಘಂಟೇ ಒಪ್ಪಿಕೊಳ್ಳುತ್ತೆ. ಅದನ್ನು ಓದಿದಾಗ ನನಗೆ ನನ್ನ ಸಂದರ್ಶನ ನೆನಪಾಯಿತು.

ಕೇಳಿದರೆ ನಂಬೋಕಾಗಲ್ಲ, ಆದರೆ ನಿಜ!

ಹಾಗಂತ ಒಳ್ಳೆಯ ಕಥೆಗಳೆಲ್ಲ ಸುಳ್ಳು ಅಂತ ಬೇಜಾರಾಗಬೇಡಿ. ಈಗ ಮೂರು ಪದ ಹೇಳ್ತೀನಿ, ಮೂರಕ್ಕೂ ದಾಖಲೆ ಇದೆ.

ಒಂದು, ಬ್ಲೂಟೂತ್. ಬಹುಶಃ ಇದೇ ಕ್ಷಣ ನಿಮ್ಮ ಕಿವಿಗೂ ಫೋನಿಗೂ ನಡುವೆ ಕೆಲಸ ಮಾಡ್ತಿರೋದು. ‘ನೀಲಿ ಹಲ್ಲು’ ಅಂತ ಯಾಕೆ ಹೆಸರು? 10ನೇ ಶತಮಾನದಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಅಂತ ಒಬ್ಬ ರಾಜ ಇದ್ದ. ಬ್ಲೂಟೂತ್ ಅನ್ನೋದು ಅವನ ಅಡ್ಡಹೆಸರು. ಚದುರಿಹೋಗಿದ್ದ ಜನರನ್ನು ಒಂದೇ ಆಳ್ವಿಕೆಗೆ ತಂದವನು ಅಂತ ಅವನಿಗೆ ಹೆಸರು. ಬೇರೆ ಬೇರೆ ಕಂಪನಿಗಳ ಸಾಧನಗಳನ್ನು ಒಂದು ಮಾಡುವ ತಂತ್ರಜ್ಞಾನಕ್ಕೆ ಈ ಹೆಸರನ್ನು 1997ರಲ್ಲಿ ಸೂಚಿಸಿದ್ದು ಇಂಟೆಲ್‌ನ ಎಂಜಿನಿಯರ್ ಜಿಮ್ ಕಾರ್ಡಾಕ್. ತಾತ್ಕಾಲಿಕ ಅಂತ ಇಟ್ಟ ಹೆಸರು ಗಟ್ಟಿಯಾಗಿ ಉಳಿಯಿತು. ಫೋನಲ್ಲಿ ಆ ಚಿಹ್ನೆ ನೋಡಿ: ಅದು ಆ ರಾಜನ ಹೆಸರಿನ ಎರಡು ಮೊದಲಕ್ಷರಗಳನ್ನು ಹಳೆಯ ರೂನ್ ಲಿಪಿಯಲ್ಲಿ ಬರೆದು ಒಂದರ ಮೇಲೊಂದು ಕೂರಿಸಿದ್ದು.

ಎರಡು, ಡೆಡ್‌ಲೈನ್. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಕೇಳ್ತೀವಿ. ಇದರ ಹಿಂದಿನ ಕಥೆ ಮಾತ್ರ ನಗುವಂಥದ್ದಲ್ಲ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲ. ಜಾರ್ಜಿಯಾ ರಾಜ್ಯದ ಆ್ಯಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳ ಒಂದು ಬಯಲು ಸೆರೆಮನೆ. ಎತ್ತರದ ಮರದ ಗೋಡೆಯ ಒಳಗೆ, ಗೋಡೆಯಿಂದ ಸ್ವಲ್ಪ ದೂರದಲ್ಲಿ ಒಂದು ಗಡಿಗೆರೆ. ಅದನ್ನು ದಾಟಿದ ಕೈದಿಗೆ ಕಾವಲುಗಾರರು ಗುಂಡು ಹೊಡೀತಿದ್ರು. ಅದೇ ಡೆಡ್‌ಲೈನ್, ಸಾವಿನ ಗೆರೆ. ಹಸಿವು, ರೋಗದಿಂದ ಅಲ್ಲಿ ಸುಮಾರು 13,000 ಕೈದಿಗಳು ಸತ್ತರು. ಯುದ್ಧ ಮುಗಿದ ಮೇಲೆ, 1865ರಲ್ಲಿ, ಸೆರೆಮನೆಯ ಅಧಿಕಾರಿ ಹೆನ್ರಿ ವಿರ್ಜ್‌ನನ್ನು ವಿಚಾರಣೆ ನಡೆಸಿ ಗಲ್ಲಿಗೇರಿಸಿದರು. 20ನೇ ಶತಮಾನದಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಈ ಪದಕ್ಕೆ ‘ದಾಟಬಾರದ ಸಮಯ’ ಅನ್ನೋ ಅರ್ಥ ಬಂತು. ಈಗ ಬಾಸ್ ‘ಡೆಡ್‌ಲೈನ್ ಮೀರಿದೆ’ ಅಂದಾಗ, ಬೈಗುಳಕ್ಕೇ ಮುಗೀತಲ್ಲ ಅಂತ ಸಮಾಧಾನ ಮಾಡಿಕೊಳ್ಳಿ.

ಮೂರು, ಬಾಯ್ಕಾಟ್. ಸೋಷಿಯಲ್ ಮೀಡಿಯಾದಲ್ಲಿ ಟ್ರೆಂಡ್ ಆಗುವ ಈ ಪದ ಒಬ್ಬ ಮನುಷ್ಯನ ಹೆಸರು. ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಜಮೀನ್ದಾರನೊಬ್ಬನ ಪರವಾಗಿ ಗೇಣಿ ವಸೂಲಿ ಮಾಡ್ತಿದ್ದ. 1880ರಲ್ಲಿ ಬೆಳೆ ಕೈಕೊಟ್ಟು ರೈತರು ಗೇಣಿ ಇಳಿಸಿ ಅಂತ ಕೇಳಿದರು. ಅವನು ಒಕ್ಕಲೆಬ್ಬಿಸೋಕೆ ಹೊರಟ. ಊರಿನವರು ಅವನಿಗೆ ಒಂದು ಏಟೂ ಹೊಡೆಯಲಿಲ್ಲ. ಮಾತು ಬಿಟ್ಟರು, ಅಷ್ಟೇ. ಆಳುಗಳು ಕೆಲಸಕ್ಕೆ ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ನಮ್ಮ ಹಳ್ಳಿ ಕಡೆ ಹಿಂದೆ ಇದ್ದ ಬಹಿಷ್ಕಾರದ ಥರವೇ. ಒಂದು ವ್ಯತ್ಯಾಸ ಗಮನಿಸಿ: ಬಹಿಷ್ಕಾರ ಹೆಚ್ಚಾಗಿ ಬಲ ಇದ್ದವರು ಬಡವರ ಮೇಲೆ ಹಾಕ್ತಿದ್ದದ್ದು. ಇಲ್ಲಿ ಬಡ ಗೇಣಿದಾರರೇ ಧಣಿಯ ಕಡೆಯವನ ಮೇಲೆ ಹಾಕಿದರು. ಕೊನೆಗೆ ಹೊಲ ಕೊಯ್ಯಲು ಹೊರಗಿನಿಂದ 50ರಷ್ಟು ಜನರನ್ನು ಕರೆಸಿದರು, ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು ಮತ್ತು ಪೊಲೀಸರು! ಅದೇ ವರ್ಷ ಅವನ ಹೆಸರು ಪತ್ರಿಕೆಗಳಲ್ಲಿ ಕ್ರಿಯಾಪದವಾಯಿತು. 1905ರಲ್ಲಿ ಬಂಗಾಳದ ವಿಭಜನೆ ವಿರೋಧಿಸಿ ವಿದೇಶಿ ಬಟ್ಟೆ ಬಿಟ್ಟಾಗ ನಮ್ಮವರ ಬಾಯಲ್ಲೂ ಇದೇ ಪದ ಇತ್ತು.

ಮೂರನೇ ಪರೀಕ್ಷೆ: ಸದ್ದು ಒಂದೇ ಆದರೆ ಸಾಲದು

ಆಗಲೇ ‘ಕೋಲ್ಫ್ ಅಂದ್ರೆ ದಾಂಡು’ ಅಂದೆ. ನಿಮ್ಮಲ್ಲಿ ಕೆಲವರಿಗಾದರೂ ನಮ್ಮ ‘ಕೋಲು’ ನೆನಪಾಗಿರಬೇಕು. ‘ಅರೆ, ಗಾಲ್ಫ್ ಕನ್ನಡದಿಂದ ಹೋದದ್ದಾ?’ ಇದೇ ನೋಡಿ, ಹೊಸ ಫಾರ್ವರ್ಡ್ ಹುಟ್ಟುವ ಗಳಿಗೆ. ಕೋಲು ಅನ್ನೋ ಪದ ಯಾವ ದಾರಿಯಲ್ಲಿ, ಯಾರ ಜೊತೆ ಅಷ್ಟು ದೂರ ಹೋಯಿತು ಅಂತ ತೋರಿಸೋಕೆ ಏನೂ ಇಲ್ಲ. ಅದೇ ಇಂಗ್ಲಿಷ್‌ನ ‘ಅರೆಕಾ’ ನೋಡಿ, ಅಂದ್ರೆ ಅಡಿಕೆ. ಇದು ಮಲಯಾಳಂನಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ಇಂಗ್ಲಿಷ್‌ಗೆ ಹೋದದ್ದು. ಅವರು ನಮ್ಮ ಪಶ್ಚಿಮ ಕರಾವಳಿಗೆ ವ್ಯಾಪಾರಕ್ಕೆ ಬಂದದ್ದು ಇತಿಹಾಸ. ದಾರಿ ಕಾಣುತ್ತೆ. ಮಲಯಾಳಂನ ಆ ಪದವೂ ನಮ್ಮ ಅಡಿಕೆಯೂ ಒಂದೇ ಬಳ್ಳಿಯ ಕಾಯಿಗಳು. ಅಭಿಮಾನ ಪಡೋಕೆ ಇಷ್ಟು ಸಾಕು, ಸುಳ್ಳು ಬೇಕಾಗಿಲ್ಲ.

ಕೊನೆಗೊಂದು ಎಚ್ಚರಿಕೆ. ಮೂಲಾರ್ಥ ಗೊತ್ತಾಯಿತು ಅಂತ ಇವತ್ತಿನ ಅರ್ಥ ಬದಲಾಗೋದಿಲ್ಲ. ‘ನೈಸ್’ ಪದದ ಲ್ಯಾಟಿನ್ ಮೂಲ ‘ನೆಸ್ಕಿಯಸ್’, ಅಂದ್ರೆ ಏನೂ ತಿಳಿಯದವನು. ಇಂಗ್ಲಿಷ್‌ಗೆ ಬಂದ ಹೊಸತರಲ್ಲಿ ಅದು ‘ದಡ್ಡ’ ಅನ್ನೋ ಅರ್ಥದಲ್ಲೇ ಇತ್ತು. ಯಾರಾದರೂ ನಿಮ್ಮನ್ನು ನೈಸ್ ಅಂದ್ರೆ ಜಗಳಕ್ಕೆ ಹೋಗಬೇಡಿ, ಥ್ಯಾಂಕ್ಸ್ ಹೇಳಿ!

ಇನ್ನು ಮೇಲೆ ಪದದ ಕಥೆ ಫೋನಿಗೆ ಬಂದಾಗ ಒಂದು ನಿಮಿಷ ತಡೆಯಿರಿ. ಮೆರಿಯಮ್-ವೆಬ್‌ಸ್ಟರ್ ನಿಘಂಟೋ, ಎಟಿಮಾನ್‌ಲೈನ್ ಜಾಲತಾಣವೋ ತೆರೆಯಿರಿ, ಎರಡನ್ನೂ ಉಚಿತವಾಗಿ ನೋಡಬಹುದು. ಪದ ಮೊದಲು ಯಾವಾಗ ಬಳಕೆಗೆ ಬಂತು ಅನ್ನೋ ಇಸವಿ ನೋಡಿ. ಕಥೆ ಹೇಳುವ ಘಟನೆಗಿಂತ ಪದವೇ ಹಳೆಯದಾಗಿದ್ದರೆ, ಕಥೆ ಅಲ್ಲೇ ಬಿದ್ದುಹೋಯಿತು.

ಅಂದಹಾಗೆ, ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡೋಕೆ ನನಗೆ ಒಂದು ವಾರ ಹಿಡಿಯಿತು. ನಾನು ಹೇಳಿದ್ದ ಹನ್ನೊಂದು ಕಥೆಗಳಲ್ಲಿ ಏಳು ಸುಳ್ಳಾಗಿದ್ದವು. ಏಳನ್ನೂ ಬೋರ್ಡ್ ಮೇಲೆ ಬರೆದು, ಮಕ್ಕಳ ಕೈಯಲ್ಲೇ ಒಂದೊಂದಾಗಿ ಅಳಿಸಿಸಿದೆ. ಅವತ್ತಿನಷ್ಟು ಗಲಾಟೆ, ನಗು ನನ್ನ ಟ್ಯೂಷನ್‌ನಲ್ಲಿ ಮತ್ತೆ ಆಗಲಿಲ್ಲ. ಮುಂದಿನ ವಾರದಿಂದ ನಾನು ಹೇಳಿದ ಪ್ರತಿ ಪದಕ್ಕೂ ಅವರದು ಒಂದೇ ಪ್ರಶ್ನೆ: ‘ಇಸವಿ ಎಷ್ಟು ಸರ್?’

ನಿಮಗೂ ಇಂಥ ಫಾರ್ವರ್ಡ್ ಬಂದಿದ್ದರೆ ತೆಗೆದಿಟ್ಟುಕೊಳ್ಳಿ, ಇವತ್ತೇ ಪರೀಕ್ಷೆ ಮಾಡಿ ನೋಡಿ. ಮುಂದಿನ ಸಂಚಿಕೆಯಲ್ಲಿ ಮತ್ತಷ್ಟು ಪದಗಳೊಂದಿಗೆ ಸಿಗ್ತೀನಿ. ಅಲ್ಲಿವರೆಗೆ ನಮಸ್ಕಾರ.