ಹೊರಡುವ ಬಂಡಿಯೂ ತಿರುಗುವ ಬಂಡಿಯೂ

ಅರಸೀಕೆರೆಯ ಜಂಕ್ಷನ್ನಿನಲ್ಲಿ ರೈಲಿನಿಂದಿಳಿದು ಹಳೇಬೀಡು ಬೇಲೂರುಗಳ ಕಡೆಗೆ ಹೊರಡುವ ಯಾತ್ರಿಕರು ಬಸ್ಸನ್ನೇರಿ ಕುಳಿತಿರುತ್ತಾರಷ್ಟೆ. ಬಸ್ಸು ಥಟ್ಟನೆ ಚಲಿಸಿದೊಡನೆ ಕುಳಿತವರ ಬೆನ್ನು ಆಸನಕ್ಕೆ ಒತ್ತಿಕೊಳ್ಳುವುದು. ನಿಂತವರು ಹಿಂದಕ್ಕೆ ವಾಲುವರು. ನಿಲ್ಲಿಸಿದಾಗ ಎಲ್ಲರೂ ಮುಂದಕ್ಕೆ ಮುಗ್ಗರಿಸುವರು. ಇಂದಿನ ತರುಣರು ಬೆರಗಿನಿಂದ ನೋಡುವ ಡ್ರ್ಯಾಗ್ ಪಂದ್ಯದ ಕಾರುಗಳ ಗುಟ್ಟು ಬಹುಮಟ್ಟಿಗೆ ಈ ಸಾಮಾನ್ಯವಾದ ಅನುಭವದಲ್ಲಿಯೇ ಅಡಗಿದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಈ ವಿಷಯವನ್ನು ವಿಚಾರಿಸುವುದಕ್ಕೆ ನಮಗೊಂದು ಕಾರಣವುಂಟು. ನಮ್ಮ ಮನೆಯ ತರುಣನೊಬ್ಬನು ಕಾರಿನ ಸ್ಪ್ರಿಂಗುಗಳನ್ನು ಕತ್ತರಿಸಿ ತಗ್ಗಿಸಬೇಕೆಂದೂ, ಹಾಗೆ ಮಾಡಿದರೆ ಅದು ಬಾಣದಂತೆ ಹೊರಡುವುದೆಂದೂ ಹಟ ಹಿಡಿದನು. ಅದೇ ಕಾರಿನಲ್ಲಿ ವೃದ್ಧರೂ ಮಕ್ಕಳೂ ಬೇಲೂರಿನ ಕೇಶವನ ದರ್ಶನಕ್ಕೆ ಹೋಗಬೇಕಾದುದರಿಂದ ನಾವು ಸುಮ್ಮನಿರುವಂತಿರಲಿಲ್ಲ. ಕಾರಣ ಹೇಳದೆ ಗದರಿಸಿದರೆ ತರುಣರು ಕೇಳುವವರೂ ಅಲ್ಲ.

ಡ್ರ್ಯಾಗ್ ಪಂದ್ಯವೆಂದರೆ, ಎರಡು ವಾಹನಗಳು ಅಕ್ಕಪಕ್ಕದಲ್ಲಿ ನಿಂತು, ಸಂಜ್ಞೆಯಾದೊಡನೆ ನೇರವಾದ ಹಾದಿಯಲ್ಲಿ ಓಡಿ ಗುರಿ ಮುಟ್ಟುವುದು. ಹಾದಿಯ ಉದ್ದ ವಾಡಿಕೆಯಾಗಿ ಕಾಲು ಮೈಲಿ, ಎಂದರೆ ಸುಮಾರು 402 ಮೀಟರು. ಬೆಂಗಳೂರಿನ ಜಕ್ಕೂರಿನ ವಿಮಾನಪಥದಲ್ಲಿಯೂ ಇಂತಹ ಪಂದ್ಯಗಳು ನಡೆದುದುಂಟು. ಈ ಹಾದಿಯಲ್ಲಿ ತಿರುವಿಲ್ಲ, ಗುಂಡಿಯಿಲ್ಲ, ಎದುರು ಬರುವವರಿಲ್ಲ. ಆದುದರಿಂದ ಹೊರಡುವ ಕ್ಷಣದಲ್ಲಿ ಟೈರು ನೆಲವನ್ನು ಕಚ್ಚಿ ಹಿಡಿಯಿತೇ, ಅಥವಾ ನಿಂತಲ್ಲೇ ಸುತ್ತಿ ಹೊಗೆಯೆಬ್ಬಿಸಿತೇ ಎಂಬುದರ ಮೇಲೆಯೇ ಸೋಲುಗೆಲವುಗಳು ಬಹುಪಾಲು ನಿಂತಿವೆ.

ಎತ್ತಿನ ಬಂಡಿ ಹೂಡಿ ಬಲ್ಲವರಿಗೆ ಮುಂಭಾರ ಹಿಂಭಾರಗಳ ವಿಷಯವನ್ನು ಹೇಳಿಕೊಡಬೇಕಾದುದಿಲ್ಲ. ಹೇರು ಹಿಂದಕ್ಕಾದರೆ ನೊಗ ಮೇಲೆದ್ದು ಎತ್ತುಗಳ ಕೊರಳನ್ನು ಹಿಡಿಯುತ್ತದೆ. ಮುಂದಕ್ಕಾದರೆ ಹೆಗಲನ್ನು ಅದುಮುತ್ತದೆ. ಕಾರಿನಲ್ಲಿ ಹೇರು ಕದಲದಿದ್ದರೂ ವೇಗವು ಏರುವಾಗ ಭಾರವು ತಾನಾಗಿ ಹಿಂದಕ್ಕೆ ಸರಿಯುವುದು. 1000 ಕಿಲೋಗ್ರಾಂ ತೂಕದ ಕಾರೊಂದರ ಭಾರಕೇಂದ್ರವು ನೆಲದಿಂದ ಅರ್ಧ ಮೀಟರು ಎತ್ತರದಲ್ಲಿಯೂ, ಮುಂದಿನ ಹಿಂದಿನ ಅಚ್ಚುಗಳು ಎರಡೂವರೆ ಮೀಟರು ಅಂತರದಲ್ಲಿಯೂ ಇವೆಯೆನ್ನೋಣ. ತನ್ನ ತೂಕದ ಅರ್ಧದಷ್ಟು ಬಲದಿಂದ ಅದು ಮುನ್ನುಗ್ಗಿದರೆ, ಮುಂದಿನ ಗಾಲಿಗಳ ಮೇಲಿನ 100 ಕಿಲೋಗ್ರಾಂ ಭಾರವು ಹಿಂದಿನ ಗಾಲಿಗಳಿಗೆ ವರ್ಗವಾಗುತ್ತದೆ. ಈ ಮೊತ್ತವನ್ನು ಮುಖ್ಯವಾಗಿ ನಿರ್ಣಯಿಸುವುವು ಎತ್ತರ, ಅಂತರ, ವೇಗವರ್ಧನೆಗಳೇ ಹೊರತು ಸ್ಪ್ರಿಂಗುಗಳಲ್ಲ. ಆ ಭಾರವು ಎಷ್ಟು ಬೇಗ, ಎಷ್ಟು ಸಮವಾಗಿ ಟೈರನ್ನು ಮುಟ್ಟಬೇಕೆಂಬುದನ್ನು ಏರ್ಪಡಿಸುವುದಷ್ಟೇ ಸ್ಪ್ರಿಂಗುಗಳ ಮತ್ತು ಶಾಕ್ ಅಬ್ಸಾರ್ಬರುಗಳ ಕೆಲಸ.

ಹಿಂದಿನ ಗಾಲಿಗಳಿಂದ ಓಡುವ ಪಂದ್ಯದ ಕಾರಿನ ಮುಂಭಾಗಕ್ಕೆ ಮೆತ್ತನೆಯ ಸ್ಪ್ರಿಂಗುಗಳನ್ನೂ, ಸಲೀಸಾಗಿ ಏಳಗೊಟ್ಟು ನಿಧಾನವಾಗಿ ಇಳಿಯಗೊಡುವ ಶಾಕ್ ಅಬ್ಸಾರ್ಬರುಗಳನ್ನೂ ಹಾಕುತ್ತಾರೆ. ಮೂತಿ ಮೇಲೇಳುವುದು; ಭಾರವು ಹಿಂದಕ್ಕೆ ಹೋಗಿ ಅಲ್ಲಿಯೇ ನಿಲ್ಲುವುದು. ಇಂಜಿನ್ನಿನ ತಿರುಚುವಿಕೆಯಿಂದ ಹಿಂದಿನ ಬಲಗಾಲಿ ಹಗುರವಾಗುವುದುಂಟು. ಅದನ್ನು ಸರಿದೂಗಿಸಲು ಆ ಬದಿಯ ಸ್ಪ್ರಿಂಗಿನೊಳಗೆ ಗಾಳಿಚೀಲವನ್ನು ಇಡುವವರೂ ಇದ್ದಾರೆ. ಅಮೆರಿಕದ ಟಾಪ್ ಫ್ಯೂಯಲ್ ಎಂಬ ಅತಿವೇಗದ ವಾಹನಗಳ ಹಿಂದಿನ ಅಚ್ಚಿಗಂತೂ ಸ್ಪ್ರಿಂಗೇ ಇಲ್ಲ! ಇಪ್ಪತ್ತೈದಡಿ ಅಂತರದ ಅವುಗಳ ಉದ್ದನೆಯ ಚೌಕಟ್ಟು ಬಾಗುವುದರಿಂದಲೂ, ದೊಡ್ಡ ಟೈರುಗಳು ಸುಕ್ಕುಗಟ್ಟುವುದರಿಂದಲೂ ಆ ಕೆಲಸ ನಡೆಯುತ್ತದೆ. 2008ರಲ್ಲಿ ಒಬ್ಬ ಚಾಲಕನು ಮರಣಹೊಂದಿದ ಬಳಿಕ ಅವುಗಳ ಓಟವನ್ನು 1000 ಅಡಿಗೆ ಇಳಿಸಿದರು.

ಇಲ್ಲಿಯೇ ನಮ್ಮ ತರುಣನು ಎಡವಿದುದು. ಹಿಂದಿನ ಕಾಲದ ಅಂಬಾಸಡರ್ ಕಾರನ್ನು ಓಡಿಸುತ್ತಿದ್ದುದು ಹಿಂದಿನ ಗಾಲಿಗಳು. 1983ರಲ್ಲಿ ಬಂದ ಮಾರುತಿ 800 ಮೊದಲ್ಗೊಂಡು, ಇಂದು ಮನೆಮನೆಯಲ್ಲಿರುವ ಚಿಕ್ಕ ಕಾರುಗಳಲ್ಲಿ ಹೆಚ್ಚಿನವನ್ನು ಎಳೆಯುವುವು ಮುಂದಿನ ಗಾಲಿಗಳು. ಹೊರಡುವಾಗ ಭಾರವು ಹಿಂದಕ್ಕೆ ಸರಿದರೆ ಇಂತಹ ಕಾರಿನ ಹಿಡಿತ ಹೆಚ್ಚುವುದಿಲ್ಲ, ತಗ್ಗುವುದು. ಒಬ್ಬನಿಗೆ ಹೇಳಿದ ಔಷಧವನ್ನು ಇನ್ನೊಬ್ಬನು ಕುಡಿದಂತೆ, ಒಂದರ ಏರ್ಪಾಟು ಮತ್ತೊಂದಕ್ಕೆ ಅಪಥ್ಯವಾಗುವುದು.

ಒಂದು ವೇಳೆ ಕಾರು ಚುರುಕಾಗಿ ಹೊರಟಿತೆಂದೇ ಇಟ್ಟುಕೊಳ್ಳೋಣ. ಹಳೇಬೀಡಿನಿಂದ ಬೇಲೂರಿಗೆ ಸುಮಾರು 16 ಕಿಲೋಮೀಟರು ಹಾದಿ. ಊರ ಮುಂದಿನ ಉಬ್ಬುಗಳು, ತಿರುವುಗಳು, ಅಡ್ಡ ಬರುವ ದನಕರುಗಳು, ಶಾಲೆಯ ಮಕ್ಕಳು ಇವೆಲ್ಲವೂ ಸಾಮಾನ್ಯವಾದುವು. ಮೂತಿಯೆದ್ದ ಕಾರಿನ ಮುಂದಿನ ಗಾಲಿಗಳು ಹಗುರವಾಗಿ, ಚಾಲಕನು ಚಕ್ರವನ್ನು ತಿರುಗಿಸಿದರೂ ಅವು ಬೇಕಾದಷ್ಟು ತಿರುಗಿಸವು. ಬ್ರೇಕನ್ನು ಒತ್ತಿದೊಡನೆ ಮೆತ್ತನೆಯ ಮುಂಭಾಗವು ಕುಸಿಯುವುದು. ಕತ್ತರಿಸಿದ ಸ್ಪ್ರಿಂಗು ಗಿಡ್ಡವಾಗುವುದಲ್ಲದೆ ಗಡುಸೂ ಆಗುತ್ತದೆ. ಉಬ್ಬಿನ ಮೇಲೆ ತಳ ಬಡಿಯುತ್ತದೆ. ಗಾಲಿ ಹಳ್ಳಕ್ಕೆ ಇಳಿದಾಗ ಸ್ಪ್ರಿಂಗು ತನ್ನ ನೆಲೆಯಿಂದ ಕಳಚಿಕೊಂಡರೂ ಕಳಚಿಕೊಂಡೀತು. ಟೈರು ನೆಲವನ್ನು ಬಿಟ್ಟ ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ತಿರುವೂ ಇಲ್ಲ. ತಯಾರಕರ ನಿರ್ದೇಶವನ್ನು ಮೀರಿ ವಾಹನವನ್ನು ಮಾರ್ಪಡಿಸುವುದನ್ನೂ, ಅನುಮತಿಯಿಲ್ಲದೆ ರಸ್ತೆಯಲ್ಲಿ ಪಂದ್ಯ ಕಟ್ಟುವುದನ್ನೂ 1988ರ ಮೋಟಾರು ವಾಹನಗಳ ಕಾನೂನು ನಿಷೇಧಿಸಿರುವುದು ಸಕಾರಣವಾಗಿಯೇ ಇದೆ.

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಭಿತ್ತಿಯ ಮೇಲೆ ಭಾರತ ರಾಮಾಯಣಗಳ ರಥಗಳು ಶಿಲೆಯಲ್ಲಿ ಓಡುತ್ತಿರುವುದನ್ನು ನೋಡಿದವರು ಬಲ್ಲರು. ಮರದ ತೇರನ್ನು ಎಳೆದವರು ಮತ್ತೊಂದನ್ನೂ ಬಲ್ಲರು: ತೇರು ಹೊರಡಬೇಕಾದರೆ ಮಿಣಿ ಹಿಡಿಯುವ ನೂರಾರು ಕೈಗಳು ಸಾಕು, ಮೂಲೆಯಲ್ಲಿ ತಿರುಗಬೇಕಾದರೆ, ಗಾಲಿಗೆ ಮರದ ತಡೆಗಳನ್ನು ಹೊತ್ತಿಗೆ ಸರಿಯಾಗಿ ಕೊಡಬಲ್ಲ ನಾಲ್ಕು ಜನ ಅನುಭವಸ್ಥರೇ ಬೇಕು. ಜನರೆಲ್ಲರೂ ಕೂಗಿ ಹುರಿದುಂಬಿಸುವುದು ಹೊರಡುವ ತೇರನ್ನು; ಅದನ್ನು ಕ್ಷೇಮವಾಗಿ ನೆಲೆ ಸೇರಿಸುವವರು ತಡೆ ಕೊಡುವವರು.

ಇಷ್ಟನ್ನೂ ಕೇಳಿದ ತರುಣನು ಕಾರಿನ ಕೆಳಗೆ ತೂರಿ ನೋಡಿದನು. ಒಂದು ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದ್ದುದನ್ನು ಕಂಡುಹಿಡಿದವನು ಅವನೇ. ಸ್ಪ್ರಿಂಗು ಕತ್ತರಿಸಲು ಕೂಡಿಟ್ಟಿದ್ದ ಹಣವು ಅದರ ಬದಲಾವಣೆಗೆ ವೆಚ್ಚವಾಯಿತು. ಪಂದ್ಯವನ್ನು ನೋಡುವ ಆಸೆ ಅವನಿಗೆ ಇನ್ನೂ ಇದೆ. ಅದಕ್ಕೆಂದೇ ಏರ್ಪಡಿಸಿದ ಹಾದಿಯಲ್ಲಿ ನಡೆಯುವಾಗ ಕರೆದುಕೊಂಡು ಹೋಗುವೆವೆಂದು ನಾವೂ ಮಾತು ಕೊಟ್ಟಿದ್ದೇವೆ.